ಎಂಜಿನ್ ರೂಮಿನಿಂದ ಹಾಯಿಯ ಕೆಳಗೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಕೊಟ್ಟ ವಿಷಯ ‘ನಿವೃತ್ತಿಯ ನಂತರದ ಸಾಧನೆ’ ಎಂದು. ಸಾಧನೆ ಎಂಬ ಮಾತನ್ನು ಮೊದಲೇ ಬಿಟ್ಟುಬಿಡುತ್ತೇನೆ. ನಾನು ಹೇಳಹೊರಟಿರುವುದರಲ್ಲಿ ಅರ್ಧ ನನ್ನ ತಪ್ಪಿನ ಕಥೆ. ಹೊಗಳಿಕೆಯ ಮಾತು ಕೇಳಲು ಬಂದವರು ಈಗಲೇ ಎದ್ದು ಚಹಾದ ಕಡೆಗೆ ಹೋಗಬಹುದು. ಚಹಾ ಚೆನ್ನಾಗಿದೆ, ನಾನು ಕುಡಿದು ಬಂದಿದ್ದೇನೆ.

ಈ ಶಾಲೆ 1969ರಲ್ಲಿ ಶುರುವಾದಾಗ ಕಟ್ಟಡವಿರಲಿಲ್ಲ. ದೇವಸ್ಥಾನದ ಚಂದ್ರಶಾಲೆಯಲ್ಲಿ ತರಗತಿ ನಡೆಯುತ್ತಿತ್ತು. ನಾನು ಮರುವರ್ಷ ಎಂಟನೇ ಇಯತ್ತೆಗೆ ಸೇರಿದೆ. 1973ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಬಿದ್ದಾಗ ಇದು ಇನ್ನೂ ಮೈಸೂರು ರಾಜ್ಯ. ಕರ್ನಾಟಕವೆಂಬ ಹೆಸರು ಬಂದದ್ದು ಆ ನವೆಂಬರಿನಲ್ಲಿ.

ನನ್ನ ಅಜ್ಜ ಮಚವೆಯ ತಾಂಡೇಲರಾಗಿದ್ದರು ಎಂಬುದು ಇಲ್ಲಿ ಮುದುಕರಾದವರಿಗೆ ಗೊತ್ತು. ಹೆಂಚು, ತೆಂಗಿನಕಾಯಿ, ಕಟ್ಟಿಗೆ ತುಂಬಿಕೊಂಡು ಮುಂಬೈಗೆ ಹೋಗುವುದು, ಬರುವಾಗ ಸಿಕ್ಕಿದ ಸರಕು ತರುವುದು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟ ಮೇಲೆಯೇ ಮಚವೆ ಇಳಿಯುತ್ತಿತ್ತು. ನಾನು ಹುಟ್ಟುವ ಹೊತ್ತಿಗೆ ಆ ಬದುಕು ಮುಗಿಯುತ್ತ ಬಂದಿತ್ತು. ಲಾರಿ ಬಂತು, ರಸ್ತೆ ಬಂತು. ಅಜ್ಜನ ಮಚವೆ ಅಳಿವೆಯ ದಂಡೆಯ ಮೇಲೆ ಮಗುಚಿ ಬಿದ್ದುಕೊಂಡಿತ್ತು, ಅದರ ನೆರಳಿನಲ್ಲಿ ನಾವು ಗೋಲಿ ಆಡಿದ್ದೇವೆ. ‘ಸಮುದ್ರದ ಸಹವಾಸ ಬೇಡ, ಓದು’ ಎಂದು ಅಪ್ಪ ಹೇಳಿದರು. ಓದಿದೆ. ಓದಿ ಸಮುದ್ರಕ್ಕೇ ಹೋದೆ!

ಆದರೆ ಹೋದದ್ದು ಎಂಜಿನ್ ರೂಮಿಗೆ. 1981ರಿಂದ 33 ವರ್ಷ ಸರಕು ಹಡಗುಗಳ ಹೊಟ್ಟೆಯೊಳಗೆ ಇದ್ದೆ. ಊರಿಗೆ ಬಂದಾಗಲೆಲ್ಲ ‘ಎಷ್ಟು ಸಮುದ್ರ ನೋಡಿದ್ದೀಯಪ್ಪ’ ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ನೋಡಿದ್ದು ಪಿಸ್ಟನ್ನು, ಪಂಪು, ಎಣ್ಣೆಯ ಗೇಜು. ಅಟ್ಲಾಂಟಿಕ್ ದಾಟಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ದಾಟುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಕೇಳಿದರೆ ಒಂದು ಸಲವೂ ಹೇಳಲಾರೆ.

2014ರಲ್ಲಿ ನಿವೃತ್ತನಾದೆ. ಮುಂಬೈಯಲ್ಲಿ ಮನೆ. ಎರಡು ತಿಂಗಳು ಪೇಪರು ಓದಿದೆ, ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಜೋಡಿಸಿದೆ. ಮೂರನೇ ತಿಂಗಳು ಹೆಂಡತಿಯೇ ‘ಎಲ್ಲಾದರೂ ಹೊರಗೆ ಹೋಗಿ’ ಎಂದಳು. ಹೋಗಿ ಬಂದರಿನ ಒಂದು ಕ್ಲಬ್ಬಿನಲ್ಲಿ ಹಾಯಿದೋಣಿ ಕಲಿಯಲು ಹೆಸರು ಕೊಟ್ಟೆ. ಆಮೇಲೆ ಅವಳು ಆ ಮಾತು ಆಡಿದ್ದಕ್ಕೆ ಬಹಳ ಸಲ ಪಶ್ಚಾತ್ತಾಪ ಪಟ್ಟಿದ್ದಾಳೆ. ಮುಂದಿನ ಸಾಲಿನಲ್ಲೇ ಕೂತಿದ್ದಾಳೆ, ಬೇಕಾದರೆ ಕೇಳಿ.

ಅಲ್ಲಿ ಕಲಿಯುವವರೆಲ್ಲ ಮಕ್ಕಳು. ಆಪ್ಟಿಮಿಸ್ಟ್ ಎಂಬ ದೋಣಿಯಲ್ಲಿ ಕಲಿಯುತ್ತಾರೆ, ಎರಡೂಕಾಲು ಮೀಟರು ಉದ್ದ, ನಮ್ಮ ಮನೆಯ ಬಾನಿಯ ಹಾಗೆ. ನನಗೆ ಸ್ವಲ್ಪ ದೊಡ್ಡದನ್ನು ಕೊಟ್ಟರು. ಮೊದಲ ವಾರ ಆರು ಸಲ ಮಗುಚಿದೆ. ಹತ್ತು ವರ್ಷದ ಒಬ್ಬ ಹುಡುಗಿ ತನ್ನ ಬಾನಿಯಲ್ಲಿ ಸುತ್ತು ಹಾಕುತ್ತ ‘ಅಂಕಲ್, ಹಾಯಿಯ ಹಗ್ಗ ಬಿಡಿ, ಮೊದಲು ಹಗ್ಗ ಬಿಡಿ’ ಎಂದು ಕೂಗುತ್ತಿದ್ದಳು. ಚೀಫ್ ಎಂಜಿನಿಯರ್ ಆಗಿದ್ದವನಿಗೆ ಆ ಮಾತು ಕೇಳುವುದು ಕಷ್ಟ. ಕೇಳಿದ ಮೇಲೆ ಮಗುಚುವುದು ನಿಂತಿತು.

ಎದುರು ಗಾಳಿಗೆ ದೋಣಿ ಹೇಗೆ ಹೋಗುತ್ತದೆ ಎಂದು ತರಬೇತಿದಾರ ಬೋರ್ಡಿನ ಮೇಲೆ ಬಾಣಗಳನ್ನು ಎಳೆದಾಗ ನನಗೆ ನೆನಪಾದದ್ದು ನಮ್ಮ ವಿಜ್ಞಾನದ ಮಾಸ್ತರರು. ಇದೇ ಪ್ರಶ್ನೆಯನ್ನು ನಾನು ಅವರಿಗೆ ಕೇಳಿದ್ದೆ, ಒಂಬತ್ತನೇ ಇಯತ್ತೆಯಲ್ಲಿ. ಅವರು ಒಂದು ಹಸಿ ಹಲಸಿನ ಬೇಳೆಯನ್ನು ಒದ್ದೆ ಮಾಡಿ ಎರಡು ಬೆರಳಿನ ನಡುವೆ ಒತ್ತಿದರು. ಅದು ಚಿಮ್ಮಿ ಹೋಗಿ ಹಿಂದಿನ ಬೆಂಚಿನವನ ಹಣೆಗೆ ಬಿತ್ತು. ‘ನಾನು ಒತ್ತಿದ್ದು ಪಕ್ಕದಿಂದ, ಹೋದದ್ದು ಮುಂದಕ್ಕೆ. ಒಂದು ಬೆರಳು ಗಾಳಿ, ಇನ್ನೊಂದು ಬೆರಳು ನೀರು’ ಎಂದರು. ಅಷ್ಟೇ. ಹಾಯಿಯನ್ನು ಗಾಳಿ ಪಕ್ಕದಿಂದ ಒತ್ತುತ್ತದೆ, ದೋಣಿಯ ತಳದ ಹಲಗೆ ನೀರಿನಲ್ಲಿ ಪಕ್ಕಕ್ಕೆ ಜಾರಲು ಬಿಡುವುದಿಲ್ಲ, ನಡುವೆ ಸಿಕ್ಕ ದೋಣಿ ಮುಂದಕ್ಕೆ ಚಿಮ್ಮುತ್ತದೆ. ನೇರ ಗಾಳಿಯ ಮುಖಕ್ಕೆ ಹೋಗಲಾಗದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಹಾವಿನ ಹಾಗೆ ಹೋಗಬೇಕು. ಮಾಸ್ತರರು ಇಂದು ಇಲ್ಲ. ಇದ್ದಿದ್ದರೆ ಹಲಸಿನ ಬೇಳೆ ತಂದು ಕೊಡುತ್ತಿದ್ದೆ.

ಎರಡು ವರ್ಷ ಹೀಗೆ ಕಳೆಯಿತು. 2016ರಲ್ಲಿ, ನನ್ನ 59ನೇ ವಯಸ್ಸಿನಲ್ಲಿ, ಒಂದು ಪತ್ರ ಬಂತು. ಹಿಂದೆ ನನ್ನ ಜೊತೆ ಒಂದೇ ಹಡಗಿನಲ್ಲಿದ್ದ ಡಚ್ ಕ್ಯಾಪ್ಟನ್, ನನಗಿಂತ ಹಿರಿಯರು, ನಿವೃತ್ತರಾದ ಮೇಲೆ 40 ಅಡಿಯ ಹಾಯಿದೋಣಿ ಕೊಂಡಿದ್ದರು. ಗಂಡಹೆಂಡತಿ ಇಬ್ಬರೇ, ಮೂರನೆಯ ಆಳು ಬೇಕು, ಬರುತ್ತೀಯಾ ಎಂದು. ಪ್ರತಿ ನವೆಂಬರಿನಲ್ಲಿ ಕ್ಯಾನರಿ ದ್ವೀಪದ ಲಾಸ್ ಪಾಲ್ಮಾಸ್ ಬಂದರಿನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾ ದ್ವೀಪಕ್ಕೆ ನೂರಾರು ಹಾಯಿದೋಣಿಗಳು ಒಟ್ಟಿಗೆ ಹೊರಡುತ್ತವೆ, 1986ರಿಂದ ನಡೆದುಬಂದ ಯಾತ್ರೆ. ಸುಮಾರು 2,700 ನಾಟಿಕಲ್ ಮೈಲು, ಎಂದರೆ 5,000 ಕಿಲೋಮೀಟರು.

ಮನೆಯಲ್ಲಿ ಹೇಳಿದೆ. ಹೆಂಡತಿ ಕೂಗಾಡಲಿಲ್ಲ. ‘ಮೂವತ್ತು ವರ್ಷ ಸಮುದ್ರಕ್ಕೆ ಕೊಟ್ಟಿದ್ದೇನೆ. ಉಳಿದದ್ದಾದರೂ ನನ್ನದಲ್ಲವೇ?’ ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಹದಿನೈದು ದಿನ ಇಬ್ಬರೂ ಆ ಮಾತು ಎತ್ತಲಿಲ್ಲ. ಆಮೇಲೆ ಒಂದು ದಿನ ಅವಳು ಕೋಕಂ ಸಿಪ್ಪೆ, ಮೆಣಸಿನ ಪುಡಿ, ಹಪ್ಪಳದ ಕಟ್ಟು ಎಲ್ಲ ತಂದು ನನ್ನ ಚೀಲದ ಹತ್ತಿರ ಇಟ್ಟಳು. ಒಪ್ಪಿಗೆ ಅಂದರೆ ಅದೇ ಎಂದುಕೊಂಡೆ.

ಆದರೆ ಒಂದು ವಿಷಯ ಅವಳಿಗೂ ಹೇಳಿರಲಿಲ್ಲ, ಕ್ಯಾಪ್ಟನ್ನರಿಗೂ ಹೇಳಿರಲಿಲ್ಲ. ಎಂಟು ತಿಂಗಳ ಹಿಂದೆ ಕಣ್ಣಿನ ವೈದ್ಯರು ನನ್ನ ಎರಡೂ ಕಣ್ಣಿನಲ್ಲಿ ಪೊರೆ ಇದೆ, ಬಲಗಣ್ಣಿಗೆ ಬೇಗ ಆಪರೇಷನ್ ಮಾಡಿಸಿ ಎಂದಿದ್ದರು. ಹಗಲು ಏನೂ ತೊಂದರೆಯಿರಲಿಲ್ಲ. ರಾತ್ರಿ ದೀಪಗಳ ಸುತ್ತ ಒಂದು ಬಳೆ ಕಾಣುತ್ತಿತ್ತು, ಅಷ್ಟೇ. ಹೇಳಿದರೆ ಅವರು ಬೇರೆಯವರನ್ನು ಕರೆದುಕೊಳ್ಳುತ್ತಾರೆ ಎಂಬ ಭಯ. ಬಂದ ಮೇಲೆ ಮಾಡಿಸಿದರಾಯಿತು ಎಂದುಕೊಂಡೆ.

ಮೊದಲ ಹತ್ತು ದಿನ ನನ್ನ ಬದುಕಿನ ಒಳ್ಳೆಯ ದಿನಗಳು. ಕ್ಯಾನರಿಯಿಂದ ಮೊದಲು ದಕ್ಷಿಣಕ್ಕೆ ಇಳಿಯಬೇಕು. ಈಶಾನ್ಯದ ವಾಣಿಜ್ಯ ಮಾರುತ ಸಿಕ್ಕಿದ ಮೇಲೆ ಪಶ್ಚಿಮಕ್ಕೆ ತಿರುಗಿದರೆ ಮತ್ತೆ ಗಾಳಿ ಬೆನ್ನಿಗೇ. ಗಂಟೆಗೆ ಹತ್ತು ಕಿಲೋಮೀಟರು, ಸೈಕಲ್ಲಿನ ವೇಗ. ಬೆಳಿಗ್ಗೆ ಎದ್ದರೆ ಡೆಕ್ಕಿನ ಮೇಲೆ ಹಾರುವ ಮೀನು ಬಿದ್ದಿರುತ್ತಿದ್ದವು. ಕೋಕಂ, ಮೆಣಸು ಸವರಿ ಹುರಿದೆ. ಆ ಗಂಡಹೆಂಡತಿ ಕಣ್ಣಲ್ಲಿ ನೀರು ಸುರಿಸುತ್ತ ತಿಂದರು, ಮರುದಿನ ಮತ್ತೆ ಕೇಳಿದರು.

ವಯಸ್ಸಾದವರು ಮೂವರೇ ಇದ್ದರೆ ದೋಣಿ ನಡೆಸುವ ರೀತಿಯೇ ಬೇರೆ. ಕತ್ತಲಾಗುವ ಮೊದಲೇ ಹಾಯಿಯನ್ನು ಮಡಿಸಿ ಚಿಕ್ಕದು ಮಾಡುತ್ತಿದ್ದೆವು, ಗಾಳಿ ಇರಲಿ ಬಿಡಲಿ. ಹುಡುಗರು ನಡುರಾತ್ರಿ ಎದ್ದು ಮಾಡುವ ಕೆಲಸವನ್ನು ನಾವು ಸಂಜೆಯೇ ಮುಗಿಸುತ್ತೇವೆ, ಒಂದೆರಡು ದಿನ ತಡವಾಗಿ ತಲುಪುತ್ತೇವೆ. ಒಬ್ಬರೇ ಡೆಕ್ಕಿನ ಮೇಲಿರುವಾಗ ಸೊಂಟದ ಪಟ್ಟಿಯನ್ನು ದೋಣಿಗೆ ಕೊಕ್ಕೆ ಹಾಕಿಕೊಳ್ಳದೆ ಒಂದು ಹೆಜ್ಜೆ ಇಡುವ ಹಾಗಿಲ್ಲ. ರಾತ್ರಿ ಮೂರು ಗಂಟೆ ಕಾವಲು, ಆರು ಗಂಟೆ ನಿದ್ದೆ. ನಿದ್ದೆಗೆಡುವುದು ನಮಗೇನೂ ಕಷ್ಟವಲ್ಲ. ಈ ವಯಸ್ಸಿನಲ್ಲಿ ಬೆಳಗಿನ ಜಾವ ಮೂರಕ್ಕೆ ಎಚ್ಚರ ಹೇಗೂ ಆಗುತ್ತದೆ, ಇಲ್ಲಿ ಕೂತ ನನ್ನ ಸಹಪಾಠಿಗಳಿಗೆ ಗೊತ್ತು.

ಹನ್ನೆರಡನೆಯ ರಾತ್ರಿ ನನ್ನ ಕಾವಲು. ದೂರದಲ್ಲಿ ಒಂದು ಹಡಗಿನ ದೀಪ. ಮಕ್ಕಳಿಗೆ ಹೇಳುತ್ತೇನೆ: ಹಡಗಿನ ಎಡಮಗ್ಗುಲಿಗೆ ಕೆಂಪು ದೀಪ, ಬಲಕ್ಕೆ ಹಸಿರು. ಹಸಿರು ಮಾತ್ರ ಕಂಡರೆ ನೀವು ಅದರ ಬಲಮಗ್ಗುಲನ್ನು ನೋಡುತ್ತಿದ್ದೀರಿ, ಅದು ಅಡ್ಡ ಹೋಗುತ್ತಿದೆ. ಕೆಂಪು ಹಸಿರು ಎರಡೂ ಕಂಡರೆ ಅದು ನಿಮ್ಮ ಮೇಲೆಯೇ ಬರುತ್ತಿದೆ. ನನಗೆ ಕಂಡದ್ದು ಬಿಳಿಯ ಒಂದು ಹೊಗೆ, ಅದರ ಅಂಚಿನಲ್ಲಿ ಹಸಿರು. ಹೋಗುತ್ತಾನೆ ಬಿಡು ಎಂದು ಕೂತೆ. ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್ ಎಂಬ ಉಪಕರಣ ಕೆಳಗೆ ಕ್ಯಾಬಿನ್ನಿನಲ್ಲಿತ್ತು. ಅದರ ಅಲಾರಂ ಸುಮ್ಮಸುಮ್ಮನೆ ಬಡಿದುಕೊಳ್ಳುತ್ತದೆಂದು ಹಿಂದಿನ ದಿನ ಆಫ್ ಮಾಡಿದ್ದೆವು. ಹದಿನೈದು ನಿಮಿಷಕ್ಕೊಮ್ಮೆ ಇಳಿದು ನೋಡಬೇಕೆಂಬುದು ನಿಯಮ. ನಾನು ಇಳಿಯಲಿಲ್ಲ. ಮಂಡಿ ನೋಯುತ್ತಿತ್ತು, ಕಣ್ಣಿಗೆ ಕಾಣುತ್ತಿದೆಯಲ್ಲ ಎಂದುಕೊಂಡೆ.

ಕ್ಯಾಪ್ಟನ್ನರ ಹೆಂಡತಿ ತಮ್ಮ ಸರದಿಗೆ ಹತ್ತು ನಿಮಿಷ ಮೊದಲೇ ಮೇಲೆ ಬಂದರು. ಮೆಟ್ಟಿಲಿನಿಂದ ತಲೆ ಹೊರಗೆ ಹಾಕಿದವರೇ ‘ಎರಡೂ ದೀಪ ಯಾಕೆ ಕಾಣುತ್ತಿದೆ?’ ಎಂದರು. ಅವರೇ ಚುಕ್ಕಾಣಿ ತಿರುಗಿಸಿದರು. ಹಾಯಿ ಬಡಿದುಕೊಂಡಿತು, ಕ್ಯಾಪ್ಟನ್ ಒಳಉಡುಪಿನಲ್ಲೇ ಓಡಿ ಬಂದರು. ಹಡಗು ಅರ್ಧ ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಹಾದುಹೋಯಿತು. ಅದರ ಎಂಜಿನ್ನಿನ ಸದ್ದು ಎದೆಯೊಳಗೆ ಕೇಳಿಸಿತು. ಆ ಸದ್ದು ನನಗೆ ಗೊತ್ತು. 33 ವರ್ಷ ಅದರ ಪಕ್ಕದಲ್ಲೇ ಮಲಗಿದ್ದವನು ನಾನು. ಆ ಹಡಗು ನಮ್ಮ ಮೇಲೆ ಹತ್ತಿ ಹೋಗಿದ್ದರೆ ಕೆಳಗಿನ ಎಂಜಿನ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದವನಿಗೆ ತೆಂಗಿನಕಾಯಿ ತಗುಲಿದಷ್ಟೂ ಸದ್ದು ಆಗುತ್ತಿರಲಿಲ್ಲ. ನನ್ನ ಕಾಲದಲ್ಲಿ ಹೀಗೆ ಯಾರಾದರೂ ನಮ್ಮ ಕೆಳಗೆ ಸಿಕ್ಕಿದ್ದರೋ ಏನೋ ಎಂದು ಆ ರಾತ್ರಿ ಮೊದಲ ಬಾರಿ ಯೋಚಿಸಿದೆ.

ಬೆಳಿಗ್ಗೆ ಕಣ್ಣಿನ ವಿಷಯ ಹೇಳಿದೆ. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕ್ಯಾಪ್ಟನ್ ‘ಮೊದಲೇ ಹೇಳಿದ್ದರೂ ನಿನ್ನನ್ನು ಕರೆದುಕೊಂಡು ಬರುತ್ತಿದ್ದೆ. ನಾಲ್ಕನೆಯವರನ್ನೂ ಕರೆಯುತ್ತಿದ್ದೆ’ ಎಂದರು. ಉಳಿದ ಒಂಬತ್ತು ದಿನ ನನಗೆ ರಾತ್ರಿ ಕಾವಲಿಲ್ಲ. ಅವರಿಬ್ಬರೇ ರಾತ್ರಿಯೆಲ್ಲ ಹಂಚಿಕೊಂಡು ಎಚ್ಚರವಿದ್ದರು. ಒಬ್ಬರಿಗೆ 66, ಇನ್ನೊಬ್ಬರಿಗೆ 64. ನಾನು ಅಡಿಗೆ ಮಾಡಿದೆ, ಪಾತ್ರೆ ತೊಳೆದೆ, ಅವರು ತೂಕಡಿಸುತ್ತಿದ್ದರೆ ನೋಡಿದೆ. 21ನೆಯ ದಿನ ಸೇಂಟ್ ಲೂಸಿಯಾ ತಲುಪಿದಾಗ ದಕ್ಕೆಯ ಮೇಲೆ ವಾದ್ಯ, ಪಾನೀಯ, ಚಪ್ಪಾಳೆ ಎಲ್ಲ ಇತ್ತು. ಆ ದಿನದ ಫೋಟೋ ನಮ್ಮ ಮನೆಯಲ್ಲಿ ಗೋಡೆಗೆ ಹಾಕಿಲ್ಲ.

ಬಂದು ಹೆಂಡತಿಗೆ ಹೇಳಿದೆ. ಅವಳ ಪ್ರತಿಕ್ರಿಯೆ ಇಲ್ಲಿ ಬೇಡ. 2017ರ ಫೆಬ್ರವರಿಯಲ್ಲಿ ಬಲಗಣ್ಣು, ಏಪ್ರಿಲಿನಲ್ಲಿ ಎಡಗಣ್ಣು ಆಪರೇಷನ್ ಆಯಿತು. ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ. ಪಟ್ಟಿ ಬಿಚ್ಚಿದಾಗ ನೀಲಿ ಬಣ್ಣ ಎಷ್ಟು ನೀಲಿ ಎಂದು ಗೊತ್ತಾಯಿತು. ಇಷ್ಟಕ್ಕಾಗಿ ಮೂವರ ಜೀವ ಪಣಕ್ಕಿಟ್ಟೆನೇ ಎಂದು ಬಹಳ ದಿನ ಕೊರಗಿದೆ. ಊರಿನಲ್ಲಿ ಪೊರೆ ಇಟ್ಟುಕೊಂಡು ಬೈಕು ಓಡಿಸುವವರು ಎಷ್ಟು ಜನ ಇದ್ದಾರೆಂದು ಕೈ ಎತ್ತಿಸುವುದಿಲ್ಲ, ಹೆದರಬೇಡಿ.

‘ಈ ವಯಸ್ಸಿನಲ್ಲಿ ಬೇಕಾ’ ಎಂದು ಕೇಳುವವರಿಗೆ ನಾನು ಬೇರೆಯವರನ್ನು ತೋರಿಸುತ್ತೇನೆ. 2019ರ ಸೆಪ್ಟೆಂಬರಿನಲ್ಲಿ ಜೀನ್ ಸಾಕ್ರಟೀಸ್ ಎಂಬ ಬ್ರಿಟಿಷ್ ಮಹಿಳೆ 77ನೇ ವಯಸ್ಸಿನಲ್ಲಿ, ಒಬ್ಬರೇ, ಎಲ್ಲೂ ನಿಲ್ಲದೆ ಪ್ರಪಂಚ ಸುತ್ತಿ ಕೆನಡಾದ ವಿಕ್ಟೋರಿಯಾಕ್ಕೆ ಮರಳಿದರು. ಗಣಿತ ಕಲಿಸುತ್ತಿದ್ದವರು ಅವರು, ಈ ವೇದಿಕೆಯ ಗಣಿತದ ಅಕ್ಕೋರು ಗಮನಿಸಬೇಕು. ಹಾಯಿದೋಣಿ ಹತ್ತಿದ್ದೇ ನಡುವಯಸ್ಸು ದಾಟುವಾಗ. 2017ರಲ್ಲಿ ದೋಣಿಯ ಮೇಲಿಂದ ಬಿದ್ದು ಕತ್ತಿನ ಮೂಳೆ, ಪಕ್ಕೆಲುಬು ಮುರಿದುಕೊಂಡಿದ್ದರು. ವಾಸಿಯಾಗುವ ತನಕ ಕಾದು ಆಮೇಲೆ ಹೊರಟರು. ಆ ಕಾಯುವುದೇ ನನಗೆ ಬಂದಿರಲಿಲ್ಲ. ರಾಬಿನ್ ನಾಕ್ಸ್ ಜಾನ್‌ಸ್ಟನ್ 1969ರಲ್ಲಿ, ನಮ್ಮ ಶಾಲೆ ಶುರುವಾದ ವರ್ಷವೇ, ಒಬ್ಬರೇ ಎಲ್ಲೂ ನಿಲ್ಲದೆ ಪ್ರಪಂಚ ಸುತ್ತಿದ ಮೊದಲಿಗರಾದರು. ಅವರ ದೋಣಿ ‘ಸುಹೈಲಿ’ ಕಟ್ಟಿದ್ದು ಮುಂಬೈಯಲ್ಲಿ, ತೇಗದ ಮರದಲ್ಲಿ. ಅವರೇ 68ನೇ ವಯಸ್ಸಿನಲ್ಲಿ ಮತ್ತೊಮ್ಮೆ ಒಬ್ಬರೇ ಸುತ್ತಿ ಬಂದರು. ನಮ್ಮ ದೇಶದಿಂದ ಮೊದಲು ಒಬ್ಬರೇ ಸುತ್ತಿದ ದಿಲೀಪ್ ದೊಂಡೆಯವರ ‘ಮ್ಹಾದೆಯಿ’ ಕಟ್ಟಿದ್ದಂತೂ ಇಲ್ಲೇ ಪಕ್ಕದ ಗೋವಾದಲ್ಲಿ. ಇವರ ಸಾಲಿನಲ್ಲಿ ನಾನಿಲ್ಲ, ತಪ್ಪು ತಿಳಿಯಬೇಡಿ.

ನಾನು ಮತ್ತು ಇಬ್ಬರು ಗೆಳೆಯರು ಸೇರಿ ಒಂದು ಹಳೆಯ ಕಾರಿನ ಬೆಲೆಗೆ 24 ಅಡಿಯ ಹಳೆಯ ದೋಣಿ ಕೊಂಡೆವು. ಈ ಜನವರಿಯಲ್ಲಿ ಮುಂಬೈಯಿಂದ ಕೊಚ್ಚಿಗೆ ಹೋದೆವು. ನಂಬಿ, ಅಟ್ಲಾಂಟಿಕ್‌ಗಿಂತ ಇದು ಕಷ್ಟ. ಬೆಳಗಿನ ಜಾವ ನೆಲದ ಕಡೆಯಿಂದ ತಂಗಾಳಿ, ಹತ್ತು ಗಂಟೆಗೆ ಅದು ಸತ್ತುಹೋಗುತ್ತದೆ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಗಾಳಿ. ರಾತ್ರಿ ಉದ್ದಕ್ಕೂ ಬಲೆಗಳು. ಅಜ್ಜ ಇದನ್ನು ಎಂಜಿನ್ನಿಲ್ಲದೆ, ನಕ್ಷೆಯಿಲ್ಲದೆ, ಹೆಂಚು ಹೇರಿಕೊಂಡು ಮಾಡುತ್ತಿದ್ದರು. ಕಾರವಾರ ದಾಟಿ ಮರುದಿನ ಬೆಳಗಾಗುವಾಗ ನನ್ನ ಕಾವಲು. ಹೊಸ ಕಣ್ಣಿನಲ್ಲಿ ನಮ್ಮ ಅಳಿವೆಯ ಬಾಯಿ, ಗುಡ್ಡ, ಗುಡ್ಡದ ಬುಡದಲ್ಲಿ ಈ ಶಾಲೆಯ ಬಿಳಿ ಗೋಡೆ ಕಂಡಿತು. ಸಮುದ್ರದ ಕಡೆಯಿಂದ ಊರನ್ನು ನಾನು ನೋಡಿದ್ದು 61 ವರ್ಷದಲ್ಲಿ ಅದೇ ಮೊದಲು. ಅಜ್ಜ ನೋಡುತ್ತಿದ್ದದ್ದು ಇದನ್ನೇ.

ಆ ಡಚ್ ದಂಪತಿ ಬರುವ ನವೆಂಬರಿಗೆ ಮತ್ತೆ ಕರೆದಿದ್ದಾರೆ. ಈ ಸಲ ನಾಲ್ವರು. ಕಣ್ಣು, ಹೃದಯ, ಕಿವಿ ಮೂರರ ವರದಿಯೂ ಮೊದಲು ತನ್ನ ಕೈಗೆ ಬರಬೇಕು, ಆಮೇಲೆ ಯೋಚಿಸುತ್ತೇನೆ ಎಂದು ನನ್ನ ಹೆಂಡತಿ ಹೇಳಿದ್ದಾಳೆ. ಎರಡು ಬಂದಿವೆ, ಕಿವಿಯದು ಬಾಕಿ. ಕೋಕಂ ಸಿಪ್ಪೆಯ ಸುದ್ದಿ ಇನ್ನೂ ಇಲ್ಲ.

ಮುಖ್ಯಾಧ್ಯಾಪಕರ ಅನುಮತಿ ಪಡೆದು ಒಂದು ಪ್ರಕಟಣೆ. ಒಂದು ಚಿಕ್ಕ ಹಾಯಿದೋಣಿಯನ್ನು ಟೆಂಪೋದಲ್ಲಿ ತಂದಿದ್ದೇನೆ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಅಳಿವೆಯ ಒಳಗೆ, ದಕ್ಕೆಯ ಹತ್ತಿರ ಇಳಿಸುತ್ತೇವೆ. ಲೈಫ್ ಜಾಕೆಟ್ ಹತ್ತು ಇವೆ, ಜಾಕೆಟ್ ಹಾಕದವರಿಗೆ ಜಾಗವಿಲ್ಲ. ಒಂಬತ್ತು, ಹತ್ತನೇ ತರಗತಿಯವರು ಪಾಲಕರ ಚೀಟಿ ತರಬೇಕು. ಹಳೆಯ ವಿದ್ಯಾರ್ಥಿಗಳು ಬಂದರೂ ಆಗುತ್ತದೆ, ಮಂಡಿ ಮಡಿಸಲು ಬಂದರೆ ಸಾಕು. ಬರುವಾಗ ಯಾರಾದರೂ ಒಂದು ಹಲಸಿನ ಬೇಳೆ ತನ್ನಿ.