ರಣಜಿ ಆಟ, ನಾಲ್ಕು ಲೋಟ ಬಿಯರು ಮತ್ತು ನಾವು
(ಚಿತ್ತವಾಡ್ಗಿಯ ಸಭೆಯಲ್ಲಿ ಮಾಡಿದ ಭಾಷಣ)



2025ರ ಜನವರಿಯಲ್ಲಿ ನಾವು ನಾಲ್ವರು ಬೆಂಗಳೂರಿಗೆ ಹೋಗಿ, ಹಗಲೆಲ್ಲ ಕ್ರಿಕೆಟ್ ನೋಡಿ, ಸಂಜೆ ಬಿಯರಿನ ರುಚಿ ನೋಡಿ ಬಂದದ್ದನ್ನು ಊರು ಇನ್ನೂ ಮರೆತಿಲ್ಲ. "ಪಕ್ಷದವರಿಗೂ ಷೋಕಿ ಹತ್ತಿತೇ?" ಎಂದು ಈಗಲೂ ಕೇಳುವವರಿದ್ದಾರೆ. ಸುದ್ದಿ ನಿಜ. ಮುಚ್ಚಿಡುವಂಥದ್ದೇನೂ ಅದರಲ್ಲಿಲ್ಲ. ಆ ದಿನದ ಲೆಕ್ಕ ಒಪ್ಪಿಸಲೆಂದೇ ನಿಮ್ಮೆದುರು ನಿಂತಿದ್ದೇವೆ.

ನಮ್ಮಲ್ಲಿ ಒಬ್ಬರು ಈಗ ಬಾಗಿಲು ಮುಚ್ಚಿರುವ ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಹಿರಿಯರು. ಇನ್ನೊಬ್ಬರು ಕಿರಾಣಿ ಅಂಗಡಿಯವರು. ಮೂರನೆಯವರು ಹಮಾಲಿ ಮಾಡುವ ತರುಣರು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಇಳಿದೆವು. ಬುತ್ತಿಯಲ್ಲಿ ರೊಟ್ಟಿ, ಶೇಂಗಾಪುಡಿ ಇದ್ದವು. ಅಂದು ಜನವರಿ 23, ಗುರುವಾರ. ಚಿನ್ನಸ್ವಾಮಿ ಮೈದಾನದಲ್ಲಿ ಕರ್ನಾಟಕಕ್ಕೂ ಪಂಜಾಬಿಗೂ ರಣಜಿ ಪಂದ್ಯ. ಟಿಕೀಟು ಕೊಳ್ಳಬೇಕಿರಲಿಲ್ಲ, ಬಾಗಿಲು ತೆರೆದಿತ್ತು. ಒಳಗೆ ಬೆಂಚುಗಳು ಬೇಕಾದಷ್ಟು ಖಾಲಿ.

ಪಂಜಾಬಿನ ನಾಯಕ ಶುಭಮನ್ ಗಿಲ್. ದೇಶದ ತಂಡದಲ್ಲಿ ಆಡುವ ಹುಡುಗ. ಅವರು 4 ರನ್ನಿಗೆ ಔಟಾದರು. ಕೌಶಿಕ್ 4 ವಿಕೆಟ್, ಅಭಿಲಾಷ್ ಶೆಟ್ಟಿ 3 ವಿಕೆಟ್ ಕಿತ್ತರು. 29 ಓವರುಗಳಲ್ಲಿ ಇಡೀ ಪಂಜಾಬ್ ತಂಡ 55 ರನ್ನಿಗೆ ಮುಗಿಯಿತು! ಬಳಿಕ ನಮ್ಮ ಸ್ಮರಣ್ ರವಿಚಂದ್ರನ್ ಆಡಲು ನಿಂತರು. ಆ ಇನಿಂಗ್ಸಿನಲ್ಲಿ ಮುಂದೆ 203 ರನ್ ಮಾಡಿದರು. ಕರ್ನಾಟಕ ಒಟ್ಟು 475. ಎರಡನೆಯ ಸರದಿಯಲ್ಲಿ ಗಿಲ್ 102 ಹೊಡೆದರೂ ನಾವು ಒಂದು ಇನಿಂಗ್ಸ್ ಮತ್ತು 207 ರನ್ನುಗಳಿಂದ ಗೆದ್ದೆವು. ಮೊದಲ ದಿನ ಸೋತವನಿಗೆ ಮೂರನೆಯ ದಿನ ಎದ್ದು ನಿಲ್ಲಲು ಅವಕಾಶ ಕೊಡುವ ಆಟವಿದು.

ನಮ್ಮ ಹಿರಿಯರು ಮಾತ್ರ 1974ರ ನೆನಪಿನಲ್ಲಿದ್ದರು. ಸತತ 15 ಸಲ ರಣಜಿ ಗೆದ್ದಿದ್ದ ಬೊಂಬಾಯಿಯನ್ನು ಕರ್ನಾಟಕವು ಇದೇ ಮೈದಾನದಲ್ಲಿ ಸೆಮಿಫೈನಲಿನಲ್ಲಿ ಹಿಮ್ಮೆಟ್ಟಿಸಿತು. ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಗಾವಸ್ಕರರ ವಿಕೆಟ್ಟನ್ನು ಪ್ರಸನ್ನ ಕಿತ್ತರು. ಆ ವರ್ಷವೇ ನಮಗೆ ಮೊದಲ ರಣಜಿ ಕಪ್ಪು. ಹಿರಿಯರು ಅದನ್ನು ಕಾರ್ಖಾನೆಯ ಗೆಳೆಯರೊಡನೆ ರೇಡಿಯೋದಲ್ಲಿ ಕೇಳಿದ್ದರಂತೆ. ಆ ಮೈದಾನವನ್ನು ಕಣ್ಣಾರೆ ಕಾಣಲು ಅವರಿಗೆ 50 ವರ್ಷ ಹಿಡಿಯಿತು. ಏಕೆ? ಬಾಗಿಲು ತೆರೆದಿದ್ದರೆ ಸಾಲದು. ದುಡಿಯುವವನ ಕೈಯಲ್ಲಿ ಒಂದು ದಿನವೂ ಇರಬೇಕು.

ಇನ್ನು ಬಿಯರಿನ ಮಾತು. ಮೈದಾನದಿಂದ ನಡೆದು ಹೋಗುವಷ್ಟು ದೂರದಲ್ಲೇ ಅಲ್ಲಲ್ಲೇ ಬಿಯರು ತಯಾರಿಸಿ ಮಾರುವ ಮಳಿಗೆಗಳಿವೆ. ಗಾಜಿನ ಆಚೆ ಉಕ್ಕಿನ ಹಂಡೆಗಳು ಕಾಣುತ್ತವೆ. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬಿಸಿನೀರಿನಲ್ಲಿ ಅದರ ಸಿಹಿ ತೆಗೆಯುತ್ತಾರೆ. ಕಹಿಗೆ ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ ಕುದಿಸುತ್ತಾರೆ. ಆರಿದ ಮೇಲೆ ಯೀಸ್ಟು ಬೆರೆಸಿ ಹುದುಗಲು ಬಿಡುತ್ತಾರೆ. ನಮ್ಮ ದೋಸೆಹಿಟ್ಟು ಉಬ್ಬುವ ಸಂಗತಿಯೇ ದೊಡ್ಡದಾಗಿ ನಡೆಯುತ್ತದೆ, ಅಷ್ಟೆ. ರಾಗಿ, ಮಾವು, ಬೆಲ್ಲ ಹಾಕುವವರೂ ಇದ್ದಾರೆ.

ಮರದ ತಟ್ಟೆಯಲ್ಲಿ ನಾಲ್ಕು ಬಗೆಯ ನಾಲ್ಕು ಸಣ್ಣ ಲೋಟ ಬಂದವು. ಹಂಚಿಕೊಂಡು ಕುಡಿದೆವು. ಒಂದು ಹುಳಿ, ಒಂದು ಕಹಿ, ಒಂದು ಕಾಫಿಯಂತೆ ಕಪ್ಪು. ನಾಲ್ಕನೆಯದು ಬೆಲ್ಲದ್ದು, ಅದು ಚೆನ್ನಾಗಿತ್ತೆಂದು ಒಪ್ಪಿಕೊಳ್ಳುತ್ತೇವೆ. ಹಿರಿಯರು ಬಡಿಸಿದ ಹುಡುಗನನ್ನು, "ತಮ್ಮಾ, ಇದು ಯಾವೂರ ಬೆಲ್ಲ?" ಎಂದು ಕೇಳಿದರು. "ಗೊತ್ತಿಲ್ಲ ಸರ್" ಎಂದನು. "ನೀನು ಕುಡಿದು ನೋಡಿದ್ದೀಯೇನು?" ಎಂದರು. ಹುಡುಗ ನಕ್ಕು ಸುಮ್ಮನಾದನು. ಬಿಲ್ಲು ಬಂದಾಗ ನಮ್ಮ ಹಮಾಲಿ ಗೆಳೆಯರ ಎರಡು ದಿನದ ಕೂಲಿ ದಾಟಿತ್ತು. ಕಬ್ಬು ಬೆಳೆದವನಿಗೂ ಬೆಲ್ಲ ಕಾಯಿಸಿದವನಿಗೂ ತಂದಿಟ್ಟವನಿಗೂ ಎಟುಕದ ರುಚಿಗೆ "ನಮ್ಮ ನೆಲದ ರುಚಿ" ಎಂದು ಹೆಸರು!

ತಾಯಂದಿರು ಅಂಜಬೇಡಿ. ಕುಡಿಯಿರಿ ಎಂದು ಹೇಳಲು ನಾವು ಬಂದಿಲ್ಲ. 2007ರ ಜುಲೈ 1ರಂದು ಸಾರಾಯಿ ನಿಂತಿತು, ಆದರೂ ಮನೆ ಮುರಿಯುವ ಕುಡಿತ ನಿಂತಿಲ್ಲವೆಂಬುದನ್ನು ನೀವೇ ಬಲ್ಲಿರಿ. ದಣಿದು ಸುಸ್ತಾದವನು ಬೇರೆ ಸುಖ ಕಾಣದೆ ಬಾಟಲಿ ಹಿಡಿಯುತ್ತಾನೆ. ಅವನಿಗೆ ಬಿಸಿಲಲ್ಲಿ ಕೂತು ಆಟ ನೋಡುವ ಒಂದು ದಿನ ಸಿಕ್ಕಿದರೆ ಬಾಟಲಿಯ ಹಿಡಿತ ತುಸು ಸಡಿಲವಾದೀತೆಂದು ನಮ್ಮ ನಂಬಿಕೆ.

ಇನ್ನೊಂದು ಸಂಗತಿ. 2008ರಲ್ಲಿ ಬೆಂಗಳೂರಿನ ಐಪಿಎಲ್ ತಂಡವನ್ನು ಮದ್ಯದ ದೊರೆಗಳು ಕೊಂಡಾಗ ಅದಕ್ಕೆ ವಿಸ್ಕಿಯ ಹೆಸರನ್ನೇ ಇಟ್ಟರು. ಆ ತಂಡ 2025ರ ಜೂನ್ 3ರಂದು ಮೊದಲ ಸಲ ಕಪ್ಪು ಗೆದ್ದಿತು. ಮರುದಿನ ಅದೇ ಚಿನ್ನಸ್ವಾಮಿ ಮೈದಾನದ ಬಾಗಿಲುಗಳಲ್ಲಿ ನೂಕುನುಗ್ಗಲಾಗಿ 11 ಜನ ಸತ್ತರು. ಸಂತೋಷಪಡಲು ಹೋದ ಮಕ್ಕಳು ಹೆಣವಾಗಿ ಮನೆಗೆ ಬಂದರು. ಜನವರಿಯಲ್ಲಿ ನಾವು ಬುತ್ತಿ ಹಿಡಿದು ಆರಾಮಾಗಿ ಒಳಗೆ ನಡೆದಿದ್ದ ಮೈದಾನ ಅದು. ಬಾಟಲಿಯ ಹೆಸರಿನ ತಂಡಕ್ಕೆ ಲಕ್ಷ ಜನ. ನಾಡಿನ ಹೆಸರಿನ ತಂಡಕ್ಕೆ ಖಾಲಿ ಬೆಂಚು. ಜಾಹಿರಾತು ಕರೆದಲ್ಲಿಗೇ ನಾವು ಏಕೆ ಓಡಬೇಕು?

ಆದ್ದರಿಂದ ನಮ್ಮ ಸಲಹೆ ಇಷ್ಟೆ. ಹುಬ್ಬಳ್ಳಿಯ ರಾಜನಗರ ಮೈದಾನದಲ್ಲೂ ರಣಜಿ ಪಂದ್ಯಗಳು ನಡೆಯುತ್ತವೆ. ನಮ್ಮೂರಿನಿಂದ ರೈಲು ನೇರವಾಗಿ ಹೋಗುತ್ತದೆ. ಕಾರ್ಖಾನೆಯಲ್ಲಿ ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳದ ರಜೆ 1948ರ ಕಾಯಿದೆಯಲ್ಲಿತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಂಹಿತೆಯಲ್ಲೂ ಇದೆ. ಕೇಳಿ ಪಡೆಯಿರಿ. ಅಂಗಡಿಯ ಮಿತ್ರರೇ, ವಾರಕ್ಕೊಂದು ರಜೆ ನಿಮ್ಮಲ್ಲಿ ದುಡಿಯುವ ಹುಡುಗನಿಗೂ ಸಲ್ಲಬೇಕು. ಅವನನ್ನೂ ಕರೆದುಕೊಂಡು ಬನ್ನಿ.

ಬಿಯರು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ರೊಟ್ಟಿ ಬುತ್ತಿ ನಾವು ತರುತ್ತೇವೆ. ದಿನವನ್ನು ನೀವು ತನ್ನಿ.