ಅಂಗಳಕ್ಕೆ ಬಂದ ಅತಿಥಿ

(ಕಾರ್ತೀಕ ಬಹುಳ ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಕಾರ್ತೀಕವು ದೀಪದ ಮಾಸ. ಒಂದು ತಿಂಗಳಿನಿಂದ ನೀವೆಲ್ಲರೂ ಮಠದ ಮೆಟ್ಟಿಲುಗಳ ಮೇಲೆ ಪಣತಿ ಹಚ್ಚಿದ್ದೀರಿ. ಇಂಥ ಮಾಸದ ಕಡೆಯ ದಿನ ನಾವು ಕತ್ತಲೆಯ ವಿಷಯವನ್ನೆತ್ತಿಕೊಂಡರೆ ನಿಮಗೆ ವಿಚಿತ್ರವೆನಿಸಬಹುದು. ಕತ್ತಲೆಯೆಂದರೆ ಅಜ್ಞಾನ, ಬೆಳಕೆಂದರೆ ಜ್ಞಾನ ಎಂದು ಇದೇ ಪೀಠದಲ್ಲಿ ಕುಳಿತು ನಾವೇ ನೂರಾರು ಸಲ ಹೇಳಿದ್ದೇವೆ. ಆ ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ಮುಗಿಯುವಂಥದೂ ಅಲ್ಲ. ಇದನ್ನು ನಮಗೆ ತಿಳಿಸಿಕೊಟ್ಟವನು ನಮ್ಮ ಪ್ರಸಾದ ನಿಲಯದ ಒಬ್ಬ ಹುಡುಗ, ಐದನೆಯ ಇಯತ್ತೆಯಲ್ಲಿ ಓದುವವನು.

ಹೋದ ವರ್ಷ ಇದೇ ದಿನಗಳಲ್ಲಿ, ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಅವನು ನಮ್ಮ ಬಳಿಗೆ ಬಂದ. "ಅಪ್ಪಾವರೆ, ನಮ್ಮ ಪುಸ್ತಕದಾಗ ಆಕಾಶಗಂಗೆ ಅಂತ ಐತ್ರಿ. ಅದು ಎಲ್ಲಿ ಐತಿ ತೋರಸ್ರಿ" ಎಂದ. ಸಂತೋಷದಿಂದ ಅವನ ಕೈಹಿಡಿದು ಅಂಗಳಕ್ಕೆ ಹೋದೆವು. ತಲೆಯೆತ್ತಿ ನೋಡಿದರೆ ಆಕಾಶವೆಲ್ಲ ಬೂದಿ ಕಲಸಿದ ನೀರಿನಂತಿತ್ತು. ಎಣಿಸಿದರೆ ಇಪ್ಪತ್ತು ಚಿಕ್ಕೆಗಳಿದ್ದಾವು. ಆಕಾಶಗಂಗೆಯ ಸುಳಿವೇ ಇಲ್ಲ. ಅಂಗಳದ ನಡುವೆ ಹೈಮಾಸ್ಟ್ ದೀಪವು ಹಗಲನ್ನೇ ಸುರಿಯುತ್ತಿತ್ತು. ಅದನ್ನು ಭಕ್ತರೊಬ್ಬರು ತಮ್ಮ ತಾಯಿಯ ಹೆಸರಿನಲ್ಲಿ ಮಾಡಿಸಿಕೊಟ್ಟದ್ದು. ಅದರ ಗುಂಡಿಯನ್ನು ಮೊದಲು ಒತ್ತಿದವರು ನಾವೇ.

ಬಂಧುಗಳೇ, ನಾವು ಸಂಸ್ಕೃತ ಪಾಠಶಾಲೆಯಲ್ಲಿದ್ದಾಗ ಇಪ್ಪತ್ತೇಳು ನಕ್ಷತ್ರಗಳ ಹೆಸರನ್ನು ಬಾಯಿಪಾಠ ಮಾಡಿಸುತ್ತಿದ್ದರು. ಪಾಠ ಒಪ್ಪಿಸಿದರೆ ಸಾಲದು. ರಾತ್ರಿ ಮಾಳಿಗೆಯ ಮೇಲೆ ನಿಲ್ಲಿಸಿ, ಎಲ್ಲಿದೆ ತೋರಿಸು ಎನ್ನುತ್ತಿದ್ದರು ನಮ್ಮ ಗುರುಗಳು. ಹುಣ್ಣಿಮೆಯ ಚಂದ್ರನು ಕೃತ್ತಿಕೆಯ ಬಳಿ ನಿಲ್ಲುವುದರಿಂದಲೇ ಈ ಮಾಸಕ್ಕೆ ಕಾರ್ತೀಕವೆಂಬ ಹೆಸರು ಬಂದಿತೆಂದು ಅವರು ಹೇಳಿದ್ದು ಪುಸ್ತಕ ನೋಡಿ ಅಲ್ಲ, ಆಕಾಶ ನೋಡಿ. ಈಗ ಹೆಸರು ನಮ್ಮ ನಾಲಗೆಯಲ್ಲಿ ಉಳಿದಿದೆ, ತೋರಿಸಲು ಆಕಾಶವಿಲ್ಲ. ಮದುವೆಯ ಮನೆಗಳಲ್ಲಿ ಅರುಂಧತಿಯನ್ನು ತೋರಿಸುವಾಗ ಎಲ್ಲೋ ಕೈಮಾಡುತ್ತಾರೆ, ವಧೂವರರು ಎಲ್ಲೋ ನೋಡುತ್ತಾರೆ. ಅಂದು ನಮ್ಮ ಗತಿಯೂ ಹಾಗೆಯೇ ಆಯಿತು.

ಮುಂದಿನ ಅಮಾವಾಸ್ಯೆಗೆ ನಿಲಯದ ಮಕ್ಕಳನ್ನು ಕರೆದುಕೊಂಡು, ಊರಾಚೆ ಕೆರೆ ದಾಟಿ ಭಕ್ತರೊಬ್ಬರ ಹೊಲಕ್ಕೆ ಹೋದೆವು. ಬ್ಯಾಟರಿ ಆರಿಸಿದ ಕೂಡಲೇ ಮಕ್ಕಳು ಹೆದರಿದರು. ಒಬ್ಬ ನಮ್ಮ ಕಾವಿಯ ತುದಿಯನ್ನೇ ಹಿಡಿದುಕೊಂಡ. ಮೊದಲಿಗೆ ಹೆಚ್ಚೇನೂ ಕಾಣಲಿಲ್ಲ. ಕಣ್ಣಿನ ಗುಣವೇ ಹಾಗೆ. ಕತ್ತಲಿಗೆ ಅದು ಪೂರ್ತಿ ಹೊಂದಿಕೊಳ್ಳಲು ೨೦-೩೦ ನಿಮಿಷಗಳು ಬೇಕು. ನಡುವೆ ಒಂದು ಸಲ ಪ್ರಖರ ಬೆಳಕು ಬಿದ್ದರೆ ಪುನಃ ಮೊದಲಿನಿಂದ ಕಾಯಬೇಕು. ಕಾದೆವು. ಒಂದು, ಹತ್ತು, ನೂರು. ಆಮೇಲೆ ಎಣಿಕೆ ಬಿಟ್ಟೆವು. ನಿಜವಾದ ಕತ್ತಲಿದ್ದಲ್ಲಿ ಬರಿಗಣ್ಣಿಗೆ ಒಂದೇ ಹೊತ್ತಿಗೆ ೨,೦೦೦ಕ್ಕೂ ಮಿಕ್ಕಿ ನಕ್ಷತ್ರಗಳು ಕಾಣುತ್ತವೆ. ಪೂರ್ವದಲ್ಲಿ ಕೃತ್ತಿಕೆಯ ಗೊಂಚಲು, ಅದರ ಕೆಳಗೆ ಕೆಂಪಗೆ ರೋಹಿಣಿ. ಉತ್ತರದ ಕಡೆ ಕಮಾನು ಕಟ್ಟಿದಂತೆ, ತೆಳ್ಳಗೆ ಹಾಲು ಚೆಲ್ಲಿದಂತೆ ಆಕಾಶಗಂಗೆ. ಎಲ್ಲರೂ ಸುಮ್ಮನಾದರು. ಬಹಳ ಹೊತ್ತಿನ ಮೇಲೆ ಆ ಹುಡುಗ ಮೆಲ್ಲಗೆ ಕೇಳಿದ: "ಅಪ್ಪಾವರೆ, ಇವೆಲ್ಲ ದಿನಾಲೂ ಇರ್ತಾವೇನ್ರಿ?"

"ದಿನಾಲೂ ಇರ್ತಾವಪ್ಪ" ಎಂದೆವು. ಹೇಳುವಾಗ ನಮಗೆ ನಾಚಿಕೆಯಾಯಿತು.

ನಕ್ಷತ್ರಗಳು ಎಲ್ಲಿಗೂ ಹೋಗಿಲ್ಲ. ನಾವು ಹಚ್ಚಿದ ದೀಪದ ಬೆಳಕು ಮೇಲಕ್ಕೆ ಹರಿದು, ಗಾಳಿಯಲ್ಲಿಯೂ ಧೂಳಿನಲ್ಲಿಯೂ ಚದುರಿ, ಆಕಾಶಕ್ಕೆ ತೆರೆಯೆಳೆಯುತ್ತದೆ. ಮನುಷ್ಯಕುಲದ ಮೂರರಲ್ಲೊಂದು ಪಾಲಿಗೆ ತಾವಿರುವ ಊರಿನಿಂದ ಆಕಾಶಗಂಗೆ ಕಾಣುವುದಿಲ್ಲವೆಂದು ವಿಜ್ಞಾನಿಗಳು ೨೦೧೬ರಲ್ಲಿ ಲೆಕ್ಕ ಹಾಕಿ ಹೇಳಿದರು.

ಈಗ ಒಂದು ಮಾತನ್ನು ಲಕ್ಷ್ಯಗೊಟ್ಟು ಕೇಳಿ. ಬೆಳಕು ಒಂದು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ಓಡುತ್ತದೆ. ಸೂರ್ಯನಿಂದ ಇಲ್ಲಿಗೆ ಬರಲು ಅದಕ್ಕೆ ೮ ನಿಮಿಷ ಸಾಕು. ಕೃತ್ತಿಕೆಯಿಂದ ಬರಲು ಸುಮಾರು ೪೪೦ ವರ್ಷ ಬೇಕು. ಇನ್ನು ಈ ಋತುವಿನಲ್ಲಿ ರಾತ್ರಿ ಎಂಟರ ಹೊತ್ತಿಗೆ ನೆತ್ತಿಯಿಂದ ತುಸು ಉತ್ತರಕ್ಕೆ ಮಸುಕಾದ ಚುಕ್ಕೆಯೊಂದಿದೆ. ಅದು ನಕ್ಷತ್ರವಲ್ಲ, ನಮ್ಮ ಆಕಾಶಗಂಗೆಯಂಥದೇ ಇನ್ನೊಂದು ನಕ್ಷತ್ರಲೋಕ. ದೇವಯಾನಿ ಎನ್ನುತ್ತಾರೆ, ಆಂಡ್ರೊಮಿಡಾ ಎಂದೂ ಕರೆಯುತ್ತಾರೆ. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಸುಮಾರು ೨೫ ಲಕ್ಷ ವರ್ಷ. ಅದು ಹೊರಟಾಗ ಭೂಮಿಯ ಮೇಲೆ ನಮ್ಮಂಥ ಮನುಷ್ಯನೇ ಇರಲಿಲ್ಲ. ಅಷ್ಟು ದೂರ ನಡೆದು, ಎಲ್ಲಿಯೂ ನಿಲ್ಲದೆ, ನಮ್ಮ ಅಂಗಳಕ್ಕೆ ಬಂದ ಅತಿಥಿ ಅದು. ನಾವೋ, ಬಾಗಿಲಲ್ಲಿ ಅದರ ಮುಖ ಕಾಣದಂತೆ ದೀಪ ಹಿಡಿದು ನಿಂತಿದ್ದೇವೆ. ಬಂದವರನ್ನು ಬನ್ನಿ ಎನ್ನುವುದೇ ಧರ್ಮವೆಂದು ನಂಬಿದ ಮನೆತನ ನಮ್ಮದು. ಇದು ನಮಗೆ ಶೋಭಿಸುತ್ತದೆಯೆ?

ದೀಪವೇ ಬೇಡವೆನ್ನುವ ಮೂಢರು ನಾವಲ್ಲ. ಹೆಣ್ಣುಮಕ್ಕಳು ನಿರ್ಭಯವಾಗಿ ನಡೆದಾಡಬೇಕು. ಹುಳುಹುಪ್ಪಡಿ ಕಾಲಿಗೆ ಸಿಗಬಾರದು. ಆದರೆ ನಡೆಯುವ ಕಾಲಿಗೆ ಬೇಕಾದ ಬೆಳಕನ್ನು ಆಕಾಶಕ್ಕೆ ಏಕೆ ಚೆಲ್ಲಬೇಕು? ದೀಪದ ಮುಖ ನೆಲದ ಕಡೆಗಿರಲಿ, ಮೇಲೊಂದು ಮುಚ್ಚಳವಿರಲಿ, ಬೇಕಾದಷ್ಟೇ ಉರಿಯಲಿ, ಬೇಡವಾದ ಹೊತ್ತಿನಲ್ಲಿ ಆರಲಿ. ಲಡಾಖಿನ ಹಾನ್ಲೆಯಲ್ಲಿ ಇದನ್ನೇ ಮಾಡಿದ್ದಾರೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ದೊಡ್ಡ ದೂರದರ್ಶಕ ಅಲ್ಲಿ ಸುಮಾರು ೪,೫೦೦ ಮೀಟರು ಎತ್ತರದಲ್ಲಿದೆ. ಅದನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ೨೦೨೨ರಲ್ಲಿ ಆ ಸೀಮೆಯನ್ನು ಕತ್ತಲೆಯ ಆಕಾಶಕ್ಕಾಗಿ ಕಾಯ್ದಿಟ್ಟ ಪ್ರದೇಶವೆಂದು ಸಾರಿದರು. ಹಳ್ಳಿಯವರು ಬೆಳಕು ಹೊರಗೆ ಚೆಲ್ಲದಂತೆ ಕಿಟಕಿಗಳಿಗೆ ಪರದೆ ಕಟ್ಟುತ್ತಾರೆ. ಅವರಲ್ಲಿಯೇ ಕೆಲವರು ತರಬೇತಿ ಪಡೆದು, ಬಂದವರಿಗೆ ಆಕಾಶ ತೋರಿಸಿ ನಾಲ್ಕು ಕಾಸು ಸಂಪಾದಿಸುತ್ತಾರೆ. ಕತ್ತಲೆಯೂ ಒಂದು ಸಂಪತ್ತೆಂದು ಅವರು ಬಲ್ಲರು.

ನಿಮ್ಮ ಅಂಗೈಯ ಇಷ್ಟಲಿಂಗದ ಬಣ್ಣವಾದರೂ ಯಾವುದು? ಕಪ್ಪು. ಆ ಕಪ್ಪಿನಲ್ಲಿ ದೃಷ್ಟಿ ನೆಟ್ಟು ತಾಳ್ಮೆಯಿಂದ ಕುಳಿತವರಿಗೆ ಬೆಳಕು ಕಾಣುತ್ತದೆಂಬುದು ನಮ್ಮ ಹಿರಿಯರ ಅನುಭವ. ಕಣ್ಣು ಮುಚ್ಚಿಸುವ ಕತ್ತಲೆ ಬೇರೆ, ಕಣ್ಣು ತೆರೆಸುವ ಕತ್ತಲೆ ಬೇರೆ. ಹಾಗೆಯೇ ದಾರಿ ತೋರುವ ಬೆಳಕು ಬೇರೆ, ತನ್ನನ್ನೇ ತೋರಿಕೊಳ್ಳುವ ಬೆಳಕು ಬೇರೆ.

ದೀಪ ಮಾಡಿಸಿಕೊಟ್ಟ ಭಕ್ತರು ಇಲ್ಲಿಯೇ ಮುಂದೆ ಕುಳಿತಿದ್ದಾರೆ. ಈ ವಿಷಯ ಹೇಳಲು ಅವರ ಮನೆಗೆ ಹೋಗಿದ್ದೆವು. ಅವರು ತಲೆ ತಗ್ಗಿಸಿ, "ಅಪ್ಪಾವರೆ, ಕಂಬದ ಮ್ಯಾಲ ನಮ್ಮವ್ವನ ಹೆಸರೈತ್ರಿ. ದೀಪ ಆರಿಸಿದ್ರ ಅದನ್ನ ಯಾರು ಓದ್ತಾರ್ರೀ?" ಎಂದರು. ಆ ಮಾತು ನಮ್ಮನ್ನು ಚುಚ್ಚಿತು. ತಾಯಿಯ ಮೇಲಿನ ಪ್ರೀತಿಯನ್ನು ತಪ್ಪೆನ್ನಲಾದೀತೆ? ಅದೇ ಕಂಬದ ಮೇಲೆ ಉದ್ಘಾಟಿಸಿದವರೆಂದು ನಮ್ಮ ಹೆಸರೂ ಇದೆ. ಅದನ್ನು ಕೆತ್ತಿಸುವಾಗ ನಾವು ಬೇಡವೆನ್ನಲಿಲ್ಲ. ಆದ್ದರಿಂದ ಮೊದಲು ನಮ್ಮ ಹೆಸರನ್ನು ತೆಗೆಸಿದ್ದೇವೆ. ಆ ತಾಯಿಯ ಹೆಸರು ಇರುತ್ತದೆ. ಅದರ ಕೆಳಗೆ ದಿನವೂ ಒಂದು ಎಣ್ಣೆಯ ಪಣತಿ ಉರಿಯಲಿ ಎಂದು ಕೇಳಿಕೊಂಡಿದ್ದೇವೆ. ಅವರು ಇನ್ನೂ ಪೂರ್ತಿ ಒಪ್ಪಿಲ್ಲ. ಇದೊಂದು ರಾತ್ರಿಗೆ ಒಪ್ಪಿದ್ದಾರೆ. ಅಷ್ಟು ದೊಡ್ಡ ಮನಸ್ಸು ಮಾಡಿದ್ದಕ್ಕೆ ಅವರಿಗೆ ಶರಣೆನ್ನುತ್ತೇವೆ.

ಮಂಗಳಾರತಿಯಾದ ಮೇಲೆ ಅವರೇ ಗುಂಡಿ ಆರಿಸುತ್ತಾರೆ. ಮೆಟ್ಟಿಲುಗಳ ಬಳಿ ಪಣತಿಗಳಿರುತ್ತವೆ. ತಾಯಂದಿರು ಮಕ್ಕಳ ಕೈಹಿಡಿದುಕೊಳ್ಳಿ. ಅರ್ಧ ಗಂಟೆ ಯಾರೂ ಮೊಬೈಲು ತೆಗೆಯಬೇಡಿ, ಅವಸರ ಮಾಡಬೇಡಿ. ಊರಿನ ಬೆಳಕಿರುವುದರಿಂದ ಹೊಲದಲ್ಲಿ ಕಂಡಷ್ಟು ಇಲ್ಲಿ ಕಾಣಲಿಕ್ಕಿಲ್ಲ. ಕಂಡಷ್ಟನ್ನು ಆ ಹುಡುಗ ನಿಮಗೆ ಹೆಸರು ಹಿಡಿದು ತೋರಿಸುತ್ತಾನೆ; ಈಗ ಅವನಿಗೆ ಇಪ್ಪತ್ತೇಳೂ ಬಾಯಿಗೆ ಬರುತ್ತವೆ. ಬಹುದೂರದಿಂದ ಬಂದ ಅತಿಥಿಯನ್ನು ಒಮ್ಮೆ ಬರಮಾಡಿಕೊಳ್ಳೋಣ. ನಾಳೆ ದೀಪದ ಗತಿ ಏನೆಂಬುದನ್ನು ಎಲ್ಲರೂ ಕೂಡಿ ವಿಚಾರ ಮಾಡೋಣ.