ಅತಿಥಿಯಾಗಿಯೇ ಉಳಿದ ರಾಜ್ಯಶಾಸ್ತ್ರದ ಮೇಷ್ಟ್ರು

(ಗೌರಿಬಿದನೂರಿನಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಾರ್ಷಿಕ ಸಭೆಗಳಲ್ಲಿ ಸಾಮಾನ್ಯವಾಗಿ ವಿದ್ಯೆಯ ಮಹತ್ವದ ಬಗ್ಗೆ ಮಾತನಾಡುವುದು ರೂಢಿ. ವಿದ್ಯೆ ಬೇಕು ಎಂಬುದನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರು, ಚಿಂತಾಮಣಿಯಲ್ಲಿ ಸಣ್ಣ ಅಂಗಡಿ ಇಟ್ಟವರು, ಇಲ್ಲಿ ಗೌರಿಬಿದನೂರಿನಲ್ಲಿ ಗ್ಯಾರೇಜು, ಹೊಲಿಗೆ ಎಂದು ದುಡಿಯುವವರು ತಮ್ಮ ಹೆಣ್ಣುಮಕ್ಕಳನ್ನೂ ಇಂದು ಪದವಿ ತರಗತಿಗೆ ಕಳಿಸುತ್ತಿದ್ದಾರೆ. ಆ ತರಗತಿಯಲ್ಲಿ ಅವರಿಗೆ ಪಾಠ ಹೇಳುವವರು ಯಾರು, ಅವರನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ ಎಂಬುದಷ್ಟೇ ನನ್ನ ಇಂದಿನ ವಿಷಯ. ನಾನು ರಾಜ್ಯಶಾಸ್ತ್ರದ ಮೇಷ್ಟ್ರಾಗಿದ್ದವನು. ಆದ್ದರಿಂದ ಆ ವಿಷಯದ ಉಪನ್ಯಾಸಕರನ್ನೇ ಮುಂದಿಟ್ಟುಕೊಂಡು ಮಾತನಾಡುತ್ತೇನೆ.

ಕರ್ನಾಟಕದಲ್ಲಿ 430ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಬೆಂಗಳೂರಿಗೆ ಹೋಗಿ ಹಾಸ್ಟೆಲಿನಲ್ಲಿದ್ದು ಓದಲಾಗದ ಮಕ್ಕಳಿಗೆ ತಾಲೂಕಿನ ಈ ಕಾಲೇಜುಗಳೇ ಆಧಾರ. ಇವುಗಳಲ್ಲಿ ಪಾಠದ ಭಾರ ಹೊತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಅನೇಕ ಕಡೆ ಖಾಯಂ ಅಧ್ಯಾಪಕರಿಗಿಂತ ಇವರೇ ಹೆಚ್ಚು. ಒಂದು ವಿಷಯಕ್ಕೆ ಖಾಯಂ ಅಧ್ಯಾಪಕರು ಒಬ್ಬರೂ ಇಲ್ಲದೆ, ಇಡೀ ವಿಭಾಗವೇ ಅತಿಥಿಗಳ ಮೇಲೆ ನಡೆಯುವ ಕಾಲೇಜುಗಳೂ ಇವೆ.

'ಅತಿಥಿ' ಎಂಬ ಮಾತನ್ನು ಸ್ವಲ್ಪ ಯೋಚಿಸಿ ನೋಡಿ. ತಮ್ಮ ಮನೆಗಳಲ್ಲಿ ಮೆಹಮಾನ್ ಬಂದರೆ ಮೊದಲ ತಟ್ಟೆ ಅವರಿಗೆ. ಕಾಲೇಜಿನ ಅತಿಥಿಗೆ ಎಲ್ಲವೂ ಕೊನೆಯದು. ಮೊದಲು ಖಾಯಂ ಅಧ್ಯಾಪಕರಿಗೆ ಪಾಠದ ಗಂಟೆಗಳನ್ನು ಹಂಚುತ್ತಾರೆ. ಉಳಿದ ಗಂಟೆಗಳಿಗೆ ಮಾತ್ರ ಅತಿಥಿ. ಪ್ರತಿವರ್ಷ ಆನ್‌ಲೈನಿನಲ್ಲಿ ಹೊಸದಾಗಿ ಅರ್ಜಿ, ಅಂಕಪಟ್ಟಿ, ಸೇವಾ ಅನುಭವದ ಪತ್ರ, ಆಮೇಲೆ ಕೌನ್ಸೆಲಿಂಗ್. ವರ್ಗಾವಣೆಯಾಗಿ ಖಾಯಂ ಅಧ್ಯಾಪಕರೊಬ್ಬರು ಬಂದರೆ ಅತಿಥಿಯ ಜಾಗ ಹೋಯಿತು. ಪಾಠ ಮುಗಿದು ರಜೆ ಶುರುವಾದರೆ ಗೌರವಧನವೂ ನಿಂತಿತು. ಹತ್ತು ಹದಿನೈದು ವರ್ಷ ದುಡಿದವರೂ ಪ್ರತಿವರ್ಷ ಹೊಸಬರಂತೆ ಸಾಲಿನಲ್ಲಿ ನಿಲ್ಲುತ್ತಾರೆ.

ಈ ವ್ಯವಸ್ಥೆ ಒಬ್ಬ ಮಂತ್ರಿಯಿಂದಲೋ ಒಂದು ಪಕ್ಷದಿಂದಲೋ ಬಂದದ್ದಲ್ಲ. ಕಾಲೇಜುಗಳನ್ನು ತೆರೆದಷ್ಟು ವೇಗವಾಗಿ ಹುದ್ದೆಗಳನ್ನು ತುಂಬಲಿಲ್ಲ. ತಾತ್ಕಾಲಿಕವಾಗಿ ಒಬ್ಬರನ್ನು ಹಾಕಿಕೊಂಡರೆ ಪಾಠ ನಡೆಯುತ್ತದೆ, ಖರ್ಚೂ ಕಡಿಮೆ ಎಂಬುದು ಎಲ್ಲ ಸರ್ಕಾರಗಳಿಗೂ ಹಿಡಿಸಿತು. 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕರ ನೇಮಕಾತಿಗೆ ಅಧಿಸೂಚನೆ ಹೊರಟಿತು. ಪರೀಕ್ಷೆ ನಡೆದದ್ದು 2022ರ ಮಾರ್ಚಿನಲ್ಲಿ. ಇಷ್ಟು ನಿಧಾನವಾಗಿ, ಇಷ್ಟು ಅಪರೂಪಕ್ಕೆ ನೇಮಕಾತಿ ನಡೆದರೆ ಖಾಲಿ ಜಾಗಗಳು ಅತಿಥಿಗಳಿಂದಲೇ ತುಂಬುತ್ತವೆ.

ಗೌರವಧನದ ಲೆಕ್ಕಕ್ಕೆ ಬರೋಣ. 2022ಕ್ಕೆ ಮುಂಚೆ ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 13,000 ರೂಪಾಯಿ, ಇಲ್ಲದವರಿಗೆ 11,000 ರೂಪಾಯಿ ಇತ್ತು. ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಬೀದಿಗಿಳಿದ ಮೇಲೆ 2022ರ ಜನವರಿಯಲ್ಲಿ ಅದು ಏರಿತು. ಅರ್ಹತೆ ಮತ್ತು ಐದು ವರ್ಷದ ಸೇವೆ ಇದ್ದವರಿಗೆ 32,000, ಅರ್ಹತೆ ಇದ್ದು ಸೇವೆ ಕಡಿಮೆ ಇದ್ದವರಿಗೆ 30,000, ಅರ್ಹತೆ ಇಲ್ಲದವರಿಗೆ ಸೇವೆಗೆ ತಕ್ಕಂತೆ 28,000 ಮತ್ತು 26,000 ರೂಪಾಯಿ ಎಂದಾಯಿತು. ಇದು ದೊಡ್ಡ ಏರಿಕೆಯೇ, ಅಲ್ಲವೆನ್ನಲಾಗದು. ಆದರೆ ಅದೇ ಆದೇಶದಲ್ಲಿ ವಾರಕ್ಕೆ ಎಂಟು ಹತ್ತು ಗಂಟೆ ಇದ್ದ ಪಾಠವನ್ನು ಹದಿನೈದು ಗಂಟೆ ಮಾಡಿದರು. ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಕೆಲಸ ಒಬ್ಬರಿಗೆ ಹೋಯಿತು. ಸಾವಿರಾರು ಮಂದಿ ಹೊರಗುಳಿದರು. ಒಬ್ಬರ ಕೈಗೆ ಬಂದದ್ದು ಬಹುಮಟ್ಟಿಗೆ ಪಕ್ಕದವರ ಕೈಯಿಂದ ಹೋದದ್ದೇ ಆಗಿತ್ತು.

2023ರ ನವೆಂಬರಿನಲ್ಲಿ ಮತ್ತೆ ಮುಷ್ಕರ ಶುರುವಾಯಿತು. ಈ ಸಲದ ಬೇಡಿಕೆ ಸೇವೆ ಖಾಯಂ ಮಾಡಿ ಎಂಬುದು. 2024ರ ಜನವರಿ ಮೊದಲ ದಿನ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಿತು. ಸೇವೆ ಖಾಯಂ ಆಗಲಿಲ್ಲ. ಸೇವಾವಧಿಗೆ ತಕ್ಕಂತೆ 5,000ದಿಂದ 8,000 ರೂಪಾಯಿವರೆಗೆ ಹೆಚ್ಚಳ, ಆರೋಗ್ಯ ವಿಮೆ, ಹತ್ತು ವರ್ಷಕ್ಕಿಂತ ಹೆಚ್ಚು ದುಡಿದು 60ನೇ ವಯಸ್ಸಿಗೆ ಬಿಡುವವರಿಗೆ 5 ಲಕ್ಷ ರೂಪಾಯಿ ಇಡುಗಂಟು, ಹೆಣ್ಣುಮಕ್ಕಳಿಗೆ ಮೂರು ತಿಂಗಳ ಹೆರಿಗೆ ರಜೆ ಘೋಷಣೆಯಾದವು. ಹೆರಿಗೆಗೆ ರಜೆ ಸಿಗಲು ಕಾಲೇಜು ಉಪನ್ಯಾಸಕಿಯರು 2024ರವರೆಗೆ ಕಾಯಬೇಕಾಯಿತು ಎಂಬುದನ್ನು ಇಲ್ಲಿರುವ ತಾಯಂದಿರು ಗಮನಿಸಬೇಕು.

ಯುಜಿಸಿ 2019ರ ಜನವರಿಯಲ್ಲಿ ಅತಿಥಿ ಅಧ್ಯಾಪಕರಿಗೆ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ರೂಪಾಯಿ ಎಂದು ಹೇಳಿತ್ತು. ವಾರಕ್ಕೆ ಹದಿನೈದು ಗಂಟೆಯಂತೆ ತಿಂಗಳಿಗೆ ಅರವತ್ತು ಗಂಟೆ. 32,000ವನ್ನು ಅರವತ್ತರಿಂದ ಭಾಗಿಸಿದರೆ ಗಂಟೆಗೆ 533 ರೂಪಾಯಿ. ಹದಿನೈದು ವರ್ಷ ಮೀರಿದ ಸೇವೆಗೆ 8,000 ಸೇರಿಸಿದರೂ 40,000ವೇ ಆಗುತ್ತದೆ. ಅದೂ ರಜೆಯ ತಿಂಗಳುಗಳನ್ನು ಬಿಟ್ಟು. ಯುಜಿಸಿಯ 2018ರ ನಿಯಮಾವಳಿಯಲ್ಲಿ ಗುತ್ತಿಗೆ ಅಧ್ಯಾಪಕರು ಒಟ್ಟು ಹುದ್ದೆಗಳ ಶೇಕಡ 10ನ್ನು ಮೀರಬಾರದು, ಅವರ ವೇತನ ಖಾಯಂ ಸಹಾಯಕ ಪ್ರಾಧ್ಯಾಪಕರ ವೇತನಕ್ಕಿಂತ ಕಡಿಮೆ ಇರಬಾರದು ಎಂದಿತ್ತು. ನಮ್ಮವರಿಗೆ ಗುತ್ತಿಗೆ ಎನ್ನದೆ ಅತಿಥಿ ಎಂದು ಹೆಸರಿಟ್ಟರೆ ಈ ಮಾತುಗಳು ಅನ್ವಯಿಸುವುದಿಲ್ಲ. ಹೆಸರಿನಲ್ಲಿ ಏನಿದೆ ಎಂದು ಕೇಳುವವರಿಗೆ ಇದೇ ಉತ್ತರ.

ಸೇವೆ ಖಾಯಂ ಮಾಡಿ ಎಂದಾಗಲೆಲ್ಲ ಸರ್ಕಾರ ತೋರಿಸುವುದು 2006ರ ಏಪ್ರಿಲ್ 10ರ ಸುಪ್ರೀಂ ಕೋರ್ಟಿನ ತೀರ್ಪನ್ನು. ಅದು ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣ. ಸರ್ಕಾರಿ ಕೆಲಸಕ್ಕೆ ಎಲ್ಲರಿಗೂ ಸಮಾನ ಅವಕಾಶವಿರಬೇಕು, ಹಿಂಬಾಗಿಲಿನಿಂದ ಬಂದವರು ಖಾಯಂ ಮಾಡಿ ಎಂದು ಹಕ್ಕು ಸಾಧಿಸುವಂತಿಲ್ಲ ಎಂದು ಸಂವಿಧಾನ ಪೀಠ ಹೇಳಿತು. ಈ ಮಾತಿನಲ್ಲಿ ನ್ಯಾಯವಿದೆ. ಎಂ.ಎ. ಮುಗಿಸಿ ನೆಟ್, ಕೆ-ಸೆಟ್ ಪಾಸು ಮಾಡಿ ಪರೀಕ್ಷೆಗೆ ಕಾಯುತ್ತಿರುವ ನಮ್ಮದೇ ಹುಡುಗ ಹುಡುಗಿಯರ ಪಾಲನ್ನು ನಾವು ಮರೆಯಬಾರದು. ಆದರೆ ಅದೇ ತೀರ್ಪು, ಮಂಜೂರಾದ ಹುದ್ದೆಯಲ್ಲಿ ಅರ್ಹತೆಯುಳ್ಳವರು ನ್ಯಾಯಾಲಯದ ಆದೇಶದ ಬಲವಿಲ್ಲದೆ ಹತ್ತು ವರ್ಷ ದುಡಿದಿದ್ದರೆ, ಒಂದು ಸಲದ ಕ್ರಮವಾಗಿ ಅವರ ವಿಷಯ ಪರಿಶೀಲಿಸಿ ಎಂದೂ ಹೇಳಿತ್ತು. ತೀರ್ಪಿನ ಮೊದಲ ಭಾಗವನ್ನು ಎಲ್ಲರೂ ಓದಿದರು. ಎರಡನೆಯ ಭಾಗದ ಮೇಲೆ ಕಣ್ಣು ಹಾಯಿಸಿದವರು ಕಡಿಮೆ.

ಖಾಯಮಾತಿಯ ಪ್ರಶ್ನೆ ಬೇರೆ, ವೇತನದ ಪ್ರಶ್ನೆ ಬೇರೆ. ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ಸುಪ್ರೀಂ ಕೋರ್ಟು 2016ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಹೇಳಿತು. 2025ರ ಆಗಸ್ಟಿನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣ ಬಂತು. ಅವರಿಗೆ ತಿಂಗಳಿಗೆ 30,000 ರೂಪಾಯಿ. ಅದೇ ಕೆಲಸ ಮಾಡುವ ಖಾಯಂ ಅಧ್ಯಾಪಕರಿಗೆ ಲಕ್ಷಕ್ಕೂ ಮೀರಿದ ಸಂಬಳ. ಅವರಿಗೆ ಸಹಾಯಕ ಪ್ರಾಧ್ಯಾಪಕರ ಕನಿಷ್ಠ ವೇತನ ಶ್ರೇಣಿ ಕೊಡಬೇಕು ಎಂದು ನ್ಯಾಯಾಲಯ ಆದೇಶಿಸಿತು. ಸಭೆಗಳಲ್ಲಿ ಗುರುವನ್ನು ದೇವರೆಂದು ಹೊಗಳಿದರೆ ಸಾಲದು, ಅದು ನಡತೆಯಲ್ಲಿ ಕಾಣಬೇಕು ಎಂಬ ಅರ್ಥದ ಮಾತನ್ನೂ ಹೇಳಿತು.

ಇದರಲ್ಲಿ ರಾಜ್ಯಶಾಸ್ತ್ರದ ವಿಶೇಷವೇನು ಎಂದು ತಾವು ಕೇಳಬಹುದು. ಬಿ.ಎ. ಮಾತ್ರವಲ್ಲ, ಬಿ.ಕಾಂ., ಬಿ.ಎಸ್ಸಿ. ಮಕ್ಕಳಿಗೂ ಸಂವಿಧಾನದ ಪಾಠವಿದೆ. ಅದನ್ನು ಹೇಳುವುದು ಸಾಮಾನ್ಯವಾಗಿ ನಮ್ಮ ವಿಭಾಗವೇ. 2021ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮ ಬದಲಾದಾಗಲೆಲ್ಲ ಪಾಠದ ಗಂಟೆಗಳು ಹೆಚ್ಚು ಕಡಿಮೆಯಾಗುತ್ತವೆ. ಆ ಏರಿಳಿತದ ಪೆಟ್ಟು ಮೊದಲು ಬೀಳುವುದು ಅತಿಥಿಯ ಮೇಲೆ. 2025-26ನೇ ಸಾಲಿನಲ್ಲಿ ಅರ್ಹತೆಯ ಪ್ರಶ್ನೆ ನ್ಯಾಯಾಲಯಕ್ಕೆ ಹೋಗಿ ಆಯ್ಕೆ ತಡವಾಯಿತು. ತರಗತಿಗೆ ಬಂದ ಮಕ್ಕಳು ಮೇಷ್ಟ್ರಿಲ್ಲದೆ ಕೂತರು. ಖಾಸಗಿ ಟ್ಯೂಷನ್ನಿಗೆ ಹೋಗುವ ಮಕ್ಕಳಲ್ಲ ಇವರು. ಬೆಳಿಗ್ಗೆ ತೊಂಡೇಬಾವಿಯಿಂದಲೋ ಮಂಚೇನಹಳ್ಳಿಯಿಂದಲೋ ಬಂದು, ಕಾದು, ಮಧ್ಯಾಹ್ನ ಹಾಗೆಯೇ ಹಿಂತಿರುಗುವವರು.

ಇನ್ನೊಂದು ಕಾರಣವೂ ಇದೆ. ಗಣಿತದಲ್ಲಿ ಉತ್ತರ ಒಂದೇ. ರಾಜ್ಯಶಾಸ್ತ್ರದಲ್ಲಿ ವಿದ್ಯಾರ್ಥಿ ಪ್ರಶ್ನೆ ಕೇಳಬೇಕು, ಮೇಷ್ಟ್ರು ಎರಡೂ ಕಡೆಯನ್ನು ಬಿಡಿಸಿ ಹೇಳಬೇಕು. ಹತ್ತಿರದ ವಿದುರಾಶ್ವತ್ಥವನ್ನೇ ನೋಡಿ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ಬಗ್ಗೆ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ನಂತರ ಸರ್ದಾರ್ ಪಟೇಲರು ಬಂದು ಮಾತುಕತೆ ನಡೆಸಿ, ಪಟೇಲ್-ಮಿರ್ಜಾ ಒಪ್ಪಂದವಾಯಿತು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜ ಹಾರಿಸಲು ಅವಕಾಶ ಸಿಕ್ಕಿತು. ಅಧಿಕಾರ ಎಂದರೇನು, ಪ್ರಜೆಯ ಹಕ್ಕು ಎಂದರೇನು, ಸಂಧಾನ ಎಂದರೇನು, ಆಡಳಿತ ನಡೆಸಿದವನನ್ನು ಅವನ ಜಾತಿ ಮತದಿಂದಲ್ಲದೆ ಅವನ ಕೆಲಸದಿಂದ ಹೇಗೆ ತೂಗಬೇಕು ಎಂಬುದೆಲ್ಲ ಆ ಒಂದು ಪಾಠದಲ್ಲಿದೆ. ಅದನ್ನು ಚೆನ್ನಾಗಿ ಹೇಳಬೇಕಾದರೆ ಮೇಷ್ಟ್ರಿಗೆ ಧೈರ್ಯ ಬೇಕು. ಯಾರೋ ಒಬ್ಬರು ದೂರು ಕೊಟ್ಟರೆ ಬರುವ ವರ್ಷ ನನ್ನ ಹೆಸರು ಪಟ್ಟಿಯಲ್ಲಿ ಇರುತ್ತದೋ ಇಲ್ಲವೋ ಎಂದು ಹೆದರುವವರು ಗೈಡ್ ಪುಸ್ತಕದ ಹತ್ತು ಅಂಶಗಳನ್ನು ಬರೆಸಿ ಹೊರಟುಹೋಗುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಮನೆಯಲ್ಲಿ ಅವರಿಗೂ ಮಕ್ಕಳಿವೆ.

ರೇಷ್ಮೆ ಸಾಕುವವರಿಗೆ ನನ್ನ ಮಾತು ಬೇಗ ತಿಳಿಯುತ್ತದೆ. ಗೂಡು ಮಾರುಕಟ್ಟೆಯಲ್ಲಿ ಆ ದಿನದ ಲಾಟು ಆ ದಿನ ಹರಾಜಾಗುತ್ತದೆ. ಆದರೆ ಹುಳು ಸಾಕುವುದು ಹಾಗಲ್ಲ. ಮೂರನೇ ಜ್ವರಕ್ಕೆ ಒಬ್ಬ, ಹಣ್ಣಾಗುವ ಹೊತ್ತಿಗೆ ಇನ್ನೊಬ್ಬ ಎಂದರೆ ಹುಳು ಚಂದ್ರಿಕೆಗೆ ಏರುತ್ತದೆಯೇ? ಪದವಿಯ ಮೂರು ವರ್ಷವೂ ಒಂದು ಬೆಳೆ. ಇದೇ ತಾಲೂಕಿನ ಹೊಸೂರಿನ ಡಾ. ಎಚ್. ನರಸಿಂಹಯ್ಯನವರು 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿ ಸೇರಿದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಅವಧಿ ಮುಗಿದ ಮೇಲೂ ಆ ಸಂಸ್ಥೆಯ ನಂಟು ಬಿಡಲಿಲ್ಲ. ಪ್ರಶ್ನೆ ಕೇಳಿ ಎಂದು ಅವರು ಮಕ್ಕಳಿಗೆ ನಿರ್ಭಯವಾಗಿ ಹೇಳಿದರು. ಅದಕ್ಕೆ ಅವರ ಗುಣ ಕಾರಣ, ನಿಜ. ಅವರ ಕಾಲ ಕೆಳಗಿದ್ದ ನೆಲ ಗಟ್ಟಿಯಾಗಿತ್ತು ಎಂಬುದೂ ಒಂದು ಕಾರಣ.

ಸರ್ಕಾರ ಮಾಡಬೇಕಾದ್ದು ಮೂರು. ಪ್ರತಿವರ್ಷ ತಪ್ಪದೆ ನೇಮಕಾತಿ ಪರೀಕ್ಷೆ ನಡೆಸಬೇಕು. ಅದರಲ್ಲಿ ಅತಿಥಿಗಳಾಗಿ ದುಡಿದವರಿಗೆ ವಯಸ್ಸಿನ ಸಡಿಲಿಕೆ, ಅನುಭವಕ್ಕೆ ತಕ್ಕ ಅಂಕ ಕೊಡಬೇಕು. ಅಲ್ಲಿಯವರೆಗೆ ಹನ್ನೆರಡು ತಿಂಗಳ ಆದೇಶ ಮತ್ತು ತಡವಾಗದ ವೇತನ ಇರಬೇಕು. ಕೂಲಿಯನ್ನು ತಡಮಾಡಬಾರದೆಂಬುದು ತಮ್ಮ ಮನೆಗಳಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು. ಸರ್ಕಾರಕ್ಕೂ ಅದನ್ನು ನೆನಪಿಸಬಹುದು.

ಸರ್ಕಾರಕ್ಕೆ ಹೇಳಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಸಂಘ ಸಂಸ್ಥೆಗಳು, ಟ್ರಸ್ಟುಗಳು ನಡೆಸುವ ಅನುದಾನರಹಿತ ಕಾಲೇಜುಗಳಲ್ಲಿ, ಅವು ಯಾವ ಸಮುದಾಯದವೇ ಆಗಿರಲಿ, ಆಡಳಿತ ಮಂಡಳಿಯಿಂದ ಸಂಬಳ ಪಡೆಯುವ ಉಪನ್ಯಾಸಕರ ಸ್ಥಿತಿ ಎಷ್ಟೋ ಕಡೆ ಸರ್ಕಾರಿ ಅತಿಥಿಗಳಿಗಿಂತ ಕಷ್ಟ. ಆದ್ದರಿಂದ ಶಿಕ್ಷಣ ಸಂಸ್ಥೆ ನಡೆಸುವ ತಮ್ಮಲ್ಲಿ ಕೆಲವು ಬಿನ್ನಹ. ಉಪನ್ಯಾಸಕರಿಗೆ ಸಂಬಳ, ಗಂಟೆ, ಅವಧಿ ಬರೆದ ನೇಮಕಾತಿ ಪತ್ರ ಕೊಡಿ. ರಜೆಯ ತಿಂಗಳಿಗೂ ಸಂಬಳ ಕೊಡಿ, ಅದು ಗೊತ್ತಾದ ದಿನಾಂಕಕ್ಕೆ ಬ್ಯಾಂಕಿಗೆ ಹೋಗಲಿ. ಇಪ್ಪತ್ತು ಜನ ಕೆಲಸಗಾರರಿರುವ ಸಂಸ್ಥೆಗೆ ಭವಿಷ್ಯನಿಧಿ ಕಡ್ಡಾಯ, ಅದನ್ನು ತಪ್ಪಿಸಬೇಡಿ. ಖರ್ಚು ಉಳಿಸಲು ಇತಿಹಾಸದವರಿಂದ ರಾಜ್ಯಶಾಸ್ತ್ರ, ಕನ್ನಡದವರಿಂದ ಸಂವಿಧಾನ ಪಾಠ ಮಾಡಿಸಬೇಡಿ. ಪಾಠದ ಬಗ್ಗೆ ಯಾರಾದರೂ ದೂರು ತಂದರೆ, ಮೊದಲು ಮೇಷ್ಟ್ರನ್ನು ಕರೆದು ಕೇಳಿ, ಆಮೇಲೆ ತೀರ್ಮಾನಿಸಿ.

ಇನ್ನೊಂದು ಕೆಲಸ ಸುಲಭದ್ದು. ಎಂ.ಎ. ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಈ ನಾಲ್ಕು ತಾಲೂಕುಗಳಲ್ಲಿ ಇದ್ದಾರೆ. ಅರ್ಹತೆ ಇಲ್ಲದವರಿಗೆ ಇನ್ನು ಮುಂದೆ ಬಾಗಿಲು ಕಿರಿದಾಗುತ್ತಾ ಹೋಗುತ್ತದೆ. ಅವರಿಗೆ ಕೆ-ಸೆಟ್ ಮತ್ತು ನೆಟ್ ತರಬೇತಿಯನ್ನು ಭಾನುವಾರಗಳಂದು ಇದೇ ಸಭಾಂಗಣದಲ್ಲಿ ನಡೆಸಬಹುದು. ಪಾಠ ಹೇಳಲು ನಿವೃತ್ತರಾದ ನಮ್ಮಂಥವರಿದ್ದೇವೆ. ರಾಜ್ಯಶಾಸ್ತ್ರದ ತರಗತಿಗೆ ನಾನು ಬರುತ್ತೇನೆ, ಸಂಭಾವನೆ ಬೇಡ, ರೈಲಿನ ಖರ್ಚು ನನ್ನದೇ.

ವಿದ್ಯಾರ್ಥಿಗಳೇ, ನಿಮಗೆ ಕೊನೆಯ ಮಾತು. ನಿಮ್ಮ ಅತಿಥಿ ಉಪನ್ಯಾಸಕರು ಹಾಜರಿ ಕರೆಯುವಾಗ ಖಾಯಂ ಮೇಷ್ಟ್ರಿಗೆ ಕೊಡುವ ಮರ್ಯಾದೆಯನ್ನೇ ಅವರಿಗೂ ಕೊಡಿ. ಅವರ ಪಾಠದಲ್ಲಿ ಪ್ರಶ್ನೆ ಕೇಳಿ. ಅವರು ನ್ಯಾಯ ಕೇಳಿ ಹೊರಗೆ ಕುಳಿತ ದಿನ, ಯಾಕೆ ಕುಳಿತಿದ್ದಾರೆ ಎಂಬುದನ್ನು ತಿಳಿದುಕೊಳ್ಳಿ. ಅದೂ ರಾಜ್ಯಶಾಸ್ತ್ರದ ಪಾಠವೇ.